ನೀರನ್ನಲ್ಲ, ಕೃಷ್ಣೆಯ ಮೀನನ್ನು ಪರೀಕ್ಷಿಸಿ: ರಾಯಚೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕೃಷ್ಣಾ ನದಿಯ ಮೀನಿನಲ್ಲಿ ಪಾದರಸ ಎಷ್ಟಿದೆ ಎಂದು ವರ್ಷಕ್ಕೆ ಎರಡು ಸಲ ಅಳೆಸಿ, ಅಂಕಿಗಳನ್ನು ನದಿ ದಂಡೆಯ ಊರುಗಳ ಮುಂದಿಡಿ ಎಂದು ಕೋರಿ ಈ ಪತ್ರ ಬರೆಯುತ್ತಿದ್ದೇವೆ.

ನೀರಿನ ವರದಿಯಲ್ಲಿ ‘ಪಾದರಸ ಪತ್ತೆಯಾಗಿಲ್ಲ’ ಎಂದಿದ್ದರೆ ದಯವಿಟ್ಟು ಅಷ್ಟಕ್ಕೇ ಕಡತ ಮುಚ್ಚಬೇಡಿ. ಕುಡಿಯುವ ನೀರಿಗೆ ಇರುವ ಮಿತಿ ಲೀಟರಿಗೆ 0.001 ಮಿಲಿಗ್ರಾಂ. ಅದಕ್ಕಿಂತ ಎಷ್ಟೋ ಕಡಿಮೆ ಇರುವ ನೀರಿನಲ್ಲೂ ಮೀನು ಅಪಾಯದ ಮಟ್ಟ ಮುಟ್ಟಬಲ್ಲದು. ಗಾಳಿಯಾಡದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಪಾದರಸವನ್ನು ಮೀಥೈಲ್ ಪಾದರಸ ಎಂಬ, ಜೀವಿಗಳ ಮೈಯಲ್ಲಿ ಸುಲಭವಾಗಿ ಸೇರಿ ಉಳಿಯುವ ವಿಷವನ್ನಾಗಿ ಮಾಡುತ್ತವೆ. ಅದು ಪಾಚಿ ಸೇರಿ, ಪಾಚಿ ತಿಂದ ಹುಳ, ಹುಳ ತಿಂದ ಮರಿಮೀನು, ಮರಿಮೀನು ನುಂಗಿದ ಬಾಳೆಮೀನು ಹೀಗೆ ಏರುತ್ತಾ ಒಂದೊಂದು ಹಂತದಲ್ಲೂ ಒಟ್ಟುಗೂಡುತ್ತದೆ. ಬೇಟೆ ಮೀನಿನ ಮಾಂಸದಲ್ಲಿ ಅದು ನೀರಿನಲ್ಲಿರುವುದಕ್ಕಿಂತ ಹತ್ತು ಲಕ್ಷ ಪಟ್ಟು ಹೆಚ್ಚಿರಬಹುದು.

ರಾಯಚೂರನ್ನೇ ಏಕೆ ಹೇಳುತ್ತಿದ್ದೇವೆ? ಕಲ್ಲಿದ್ದಲಿನಲ್ಲಿ ಪಾದರಸ ಸಹಜವಾಗಿಯೇ ಇರುತ್ತದೆ. ಉರಿಸಿದಾಗ ಅದು ಆವಿಯಾಗಿ, ಒಂದು ಪಾಲು ಚಿಮಣಿಯಿಂದ ಹೊರಬೀಳುತ್ತದೆ, ಇನ್ನೊಂದು ಪಾಲು ಹಾರುಬೂದಿಗೆ ಅಂಟಿಕೊಳ್ಳುತ್ತದೆ. ಶಕ್ತಿನಗರದ ಕಲ್ಲಿದ್ದಲು ಆಧಾರಿತ ರಾಯಚೂರು ಉಷ್ಣ ವಿದ್ಯುತ್ ಸ್ಥಾವರ (ಆರ್‌ಟಿಪಿಎಸ್) 1,720 ಮೆಗಾವ್ಯಾಟ್ ಸಾಮರ್ಥ್ಯದ್ದು, ನದಿಯ ದಂಡೆಯಲ್ಲೇ ಇದೆ. 2015ರ ಡಿಸೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಚಿಮಣಿಯ ಪಾದರಸಕ್ಕೆ ಘನ ಮೀಟರಿಗೆ 0.03 ಮಿಲಿಗ್ರಾಂ ಮಿತಿ ಹಾಕಿತು. ಆದರೆ 2003ರ ಅಂತ್ಯದೊಳಗೆ ಸ್ಥಾಪನೆಯಾದ ಘಟಕಗಳ ಪೈಕಿ 500 ಮೆಗಾವ್ಯಾಟ್ ಮತ್ತು ಮೇಲ್ಪಟ್ಟವುಗಳಿಗಷ್ಟೇ ಆ ಮಿತಿ. ಇಲ್ಲಿನ ಎಂಟು ಘಟಕಗಳಲ್ಲಿ ಮೊದಲ ಏಳು ತಲಾ 210 ಮೆಗಾವ್ಯಾಟ್‌ನವು, ಅಷ್ಟರೊಳಗೇ ಬಂದವು. ಹಾಗಾಗಿ ಅವುಗಳಿಗೆ ಪಾದರಸದ ಮಿತಿಯೇ ಇಲ್ಲ. ಚಿಮಣಿಯ ಮೇಲೆ ಕಾನೂನಿನ ಕಣ್ಣಿಲ್ಲದ ಕಡೆ, ಕನಿಷ್ಠ ಮೀನಿನ ಮೇಲಾದರೂ ಸರ್ಕಾರದ ಕಣ್ಣಿರಬೇಕು.

ಊಟದ ತಟ್ಟೆಯ ಲೆಕ್ಕ ನೋಡಿ. ನಮ್ಮ ಆಹಾರ ಸುರಕ್ಷತಾ ನಿಯಮ ಕಿಲೋಗೆ 0.25 ಮಿಲಿಗ್ರಾಂ ಮೀಥೈಲ್ ಪಾದರಸದವರೆಗೆ ಒಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಜಂಟಿ ತಜ್ಞರ ಸಮಿತಿ ಗರ್ಭದ ಶಿಶುವನ್ನು ಗಮನದಲ್ಲಿಟ್ಟು ಹೇಳಿದ ವಾರದ ಮಿತಿ ದೇಹದ ತೂಕದ ಕಿಲೋಗೆ 1.6 ಮೈಕ್ರೋಗ್ರಾಂ. 50 ಕಿಲೋ ತೂಕದ ಬಸುರಿಗೆ ಅದು ವಾರಕ್ಕೆ 80 ಮೈಕ್ರೋಗ್ರಾಂ. ನಿಯಮದ ಅಂಚಿನಲ್ಲಿರುವ ಮೀನನ್ನು ಆಕೆ ದಿನಕ್ಕೆ 150 ಗ್ರಾಂ ತಿಂದರೆ ವಾರಕ್ಕೆ 262 ಮೈಕ್ರೋಗ್ರಾಂ ಒಳಗೆ ಹೋಗುತ್ತದೆ, ಮೂರು ಪಟ್ಟಿಗೂ ಹೆಚ್ಚು. ತಿಂಗಳಿಗೊಮ್ಮೆ ಮೀನು ಕೊಳ್ಳುವ ಮನೆಗೆ ‘ಮಿತಿಯೊಳಗಿದೆ’ ಎಂಬ ಮಾತು ಸಾಕು. ಹರಿಗೋಲು ಹಾಕಿ ಬಲೆ ಎಳೆದು, ಮಾರಿ ಮಿಕ್ಕಿದ್ದನ್ನು ದಿನವೂ ಬೇಯಿಸುವ ಮನೆಗೆ ಸಾಲದು.

ತೊಳೆದರೆ, ಹುಳಿ ಹಾಕಿದರೆ, ಚರ್ಮ ಸುಲಿದರೆ ಇದು ಹೋಗುವುದಿಲ್ಲ, ಮಾಂಸದ ಪ್ರೋಟೀನಿಗೇ ಕಚ್ಚಿಕೊಂಡಿರುತ್ತದೆ. ಹುರಿದರೆ ನೀರಿನಂಶ ಆರಿ ಗ್ರಾಮಿಗೆ ಇನ್ನೂ ಹೆಚ್ಚೇ ಆಗುತ್ತದೆ. ದೊಡ್ಡವರಲ್ಲಿ ಬೆರಳ ತುದಿ, ತುಟಿಯ ಸುತ್ತ ಜೋಮು, ನಡಿಗೆಯಲ್ಲಿ ತೂರಾಟ, ದೃಷ್ಟಿ ಕಿರಿದಾಗುವುದು ಕಾಣಿಸಿಕೊಳ್ಳಬಹುದು. ತಾಯಿಯಲ್ಲಿ ಇದ್ಯಾವುದೂ ಕಾಣದಿದ್ದರೂ ಮಾಸು ದಾಟಿ ಶಿಶುವಿನ ಮಿದುಳಿಗೆ ಪೆಟ್ಟು ಬೀಳಬಹುದು. ಕಾರ್ಖಾನೆಯ ಪಾದರಸ ಸೇರಿದ ಮೀನು ತಿಂದು ಜನ ನರಳಿದ, 1956ರಲ್ಲಿ ಜಪಾನಿನ ಮಿನಮಾಟದಲ್ಲಿ ಬೆಳಕಿಗೆ ಬಂದ ದುರಂತ ಕಲಿಸಿದ್ದು ಇದನ್ನೇ.

ಪರೀಕ್ಷೆ ಸರಿಯಾಗಿ ನಡೆಯದಿದ್ದರೆ ಸುಳ್ಳು ಧೈರ್ಯ ಕೊಡುತ್ತದೆ. ಪೇಟೆಯ ಕಾಟ್ಲಾ, ರೋಹು ತಂದು ಪರೀಕ್ಷಿಸಿದರೆ ಸಾಲದು. ಅವು ಬಹುಪಾಲು ಸಾಕಿದ ಮೀನು, ಆಹಾರ ಸರಪಳಿಯಲ್ಲೂ ಕೆಳಗಿನವು. ನದಿಯಲ್ಲೇ ಹಿಡಿದ ಬಾಳೆಮೀನು, ಕೊರಮೀನು ಬೇಕು, ಹೋಲಿಕೆಗೆ ಜಿಲೇಬಿ ಮೀನು. ಸ್ಥಾವರದ ಮೇಲ್ಹರಿವು, ಬೂದಿ ಹೊಂಡದ ಕಡೆಯ ಹಳ್ಳ ನದಿ ಸೇರುವಲ್ಲಿ, ಅದರ ಕೆಳಹರಿವು ಹೀಗೆ ಮೂರು ಕಡೆ, ಒಂದೊಂದು ಜಾತಿಯ ಹತ್ತು ಮೀನಾದರೂ ಇರಲಿ. ಮೀನು ಬಲಿತಷ್ಟೂ ಪಾದರಸ ಹೆಚ್ಚುವುದರಿಂದ ಪ್ರತಿಯೊಂದರ ಉದ್ದ, ತೂಕ ಬರೆದುಕೊಳ್ಳಬೇಕು. ಬೆನ್ನಿನ ರೆಕ್ಕೆಯ ಕೆಳಗಿನ ಮಾಂಸವನ್ನು ಚರ್ಮವಿಲ್ಲದೆ ಸ್ಟೀಲ್ ಚಾಕುವಿನಿಂದ ಕೊಯ್ದು, ಒಂದು ಮೀನಿಗೂ ಇನ್ನೊಂದಕ್ಕೂ ನಡುವೆ ಚಾಕು ತೊಳೆದು, ಐಸ್ ಪೆಟ್ಟಿಗೆಯಲ್ಲಿ ಕಳಿಸಬೇಕು. ಲ್ಯಾಬಿನಲ್ಲಿ ಮಾಂಸವನ್ನು ಆಮ್ಲದಲ್ಲಿ ಕರಗಿಸುವಾಗ ತೆರೆದ ಪಾತ್ರೆಯಲ್ಲಿ ಕಾಯಿಸಿದರೆ ಪಾದರಸ ಆವಿಯಾಗಿ ಹಾರಿಹೋಗಿ ಅಂಕಿ ಕಡಿಮೆ ಬರುತ್ತದೆ. ಮುಚ್ಚಿದ ಮೈಕ್ರೋವೇವ್ ಪಾತ್ರೆಯೇ ಬೇಕು. ಅಂಕಿ ಹಸಿ ತೂಕದ್ದೋ ಒಣ ತೂಕದ್ದೋ ಎಂದು ವರದಿಯಲ್ಲಿ ನಮೂದಾಗಲಿ. ಮೀನಿನ ಮುಕ್ಕಾಲು ಪಾಲು ನೀರು, ಹಾಗಾಗಿ ಎರಡನ್ನೂ ಬೆರೆಸಿದರೆ ನಾಲ್ಕು ಪಟ್ಟು ತಪ್ಪಾಗುತ್ತದೆ.

ಇದನ್ನು ತಮ್ಮನ್ನೇ ಕೇಳಲು ಕಾರಣವಿದೆ. ನೀರು ಮಾಲಿನ್ಯ ನಿಯಂತ್ರಣ ಮಂಡಳಿಯದು, ಬಲೆ ಮೀನುಗಾರಿಕೆ ಇಲಾಖೆಯದು, ಮಾರುವ ಮೀನು ಆಹಾರ ಸುರಕ್ಷತಾ ಅಂಕಿತ ಅಧಿಕಾರಿಯದು, ಬಸುರಿ ಆರೋಗ್ಯ ಇಲಾಖೆಯವಳು. ನಾಲ್ವರನ್ನೂ ಒಂದೇ ಮೇಜಿನ ಮುಂದೆ ಕೂರಿಸಬಲ್ಲವರು ತಾವು.

ಮೀನು ಬಿಡಿ ಎಂದು ಯಾರಿಗೂ ಹೇಳಿಸಬೇಡಿ. ಬಡವರ ಮನೆಗೆ ಅಷ್ಟು ಅಗ್ಗದ ಪೌಷ್ಟಿಕ ಆಹಾರ ಬೇರೆಯಿಲ್ಲ. ಅಂಕಿ ಹೆಚ್ಚು ಬಂದರೆ, ಬಸುರಿಯರು ಮತ್ತು ಮಕ್ಕಳು ದೊಡ್ಡ ಬಾಳೆಮೀನಿನ ಬದಲು ಸಣ್ಣ ಮೀನು ತಿನ್ನಲಿ ಎಂದು ಆಶಾ ಕಾರ್ಯಕರ್ತೆಯರ ಮೂಲಕ ತಿಳಿಸಿ, ಮೀನುಗಾರರ ನಷ್ಟ ತುಂಬಿಕೊಡಿ. ನದಿ ಮುಂದೆ ತೆಲಂಗಾಣದ ಜುರಾಲಾ ಜಲಾಶಯ ಸೇರುವುದರಿಂದ ವರದಿಯ ಪ್ರತಿ ಅಲ್ಲಿಯ ಸರ್ಕಾರಕ್ಕೂ ಹೋಗಲಿ.

ಮೊದಲ ಮಾದರಿಯನ್ನು ಮುಂಗಾರಿಗೆ ಮುಂಚೆ, ನೀರು ಇಳಿದಿರುವಾಗ ತೆಗೆಸಿ, ಎರಡನೆಯದನ್ನು ಪ್ರವಾಹ ಇಳಿದ ಮೇಲೆ. ಫಲಿತಾಂಶವನ್ನು ಕನ್ನಡದಲ್ಲಿ, ಜಾತಿವಾರು, ದೇವಸೂಗೂರು ಮತ್ತು ಸುತ್ತಲಿನ ಪಂಚಾಯಿತಿಗಳ ಸೂಚನಾ ಫಲಕದಲ್ಲಿ ಹಾಕಿಸಿ.

ಇಂತಿ ತಮ್ಮ ವಿಶ್ವಾಸಿಗಳು