9112 ಒತ್ತಿದರೆ 911ಕ್ಕೇ ನಿಲ್ಲುವ ಕಾನ್ಫರೆನ್ಸ್ ಫೋನ್‌ಗಳ ಬಗ್ಗೆ ದೂರು

ಇವರಿಂದ:
ಆಫೀಸ್ ಮ್ಯಾನೇಜರ್,
ವಾಲ್ವ್ ಬಿಡಿಭಾಗ ತಯಾರಿಸುವ ಘಟಕ,
ಗೋಕುಲ ರಸ್ತೆ, ಹುಬ್ಬಳ್ಳಿ

ಇವರಿಗೆ:
ಸರ್ವಿಸ್ ಮ್ಯಾನೇಜರ್,
ನಮ್ಮ ಆಫೀಸಿಗೆ ಇಂಟರ್ನೆಟ್ ಫೋನ್ ಅಳವಡಿಸಿಕೊಟ್ಟ ಸಂಸ್ಥೆ

ವಿಷಯ: ನಾಲ್ಕು ಕಾನ್ಫರೆನ್ಸ್ ಫೋನ್‌ಗಳ ಡಯಲ್ ಪ್ಲಾನ್ (ಒತ್ತಿದ ನಂಬರನ್ನು ಫೋನ್ ಯಾವಾಗ ಕಳಿಸಬೇಕು ಎನ್ನುವ ನಿಯಮ) ಸರಿಪಡಿಸುವ ಬಗ್ಗೆ

ಮಾನ್ಯರೇ,

ಕಳೆದ ಮಂಗಳವಾರ ಮಧ್ಯಾಹ್ನ ಮೀಟಿಂಗ್ ನಡೆಯುವಾಗ, ನಮ್ಮ ಸ್ಟೋರ್ಸ್ ನೋಡಿಕೊಳ್ಳುವ ಹಿರಿಯರು ಎದೆ ಹಿಡಿದುಕೊಂಡು ಕುಸಿದರು. ನಮ್ಮ ಮೀಟಿಂಗ್ ರೂಮು ಶೆಡ್ಡಿನ ಒಳಗೇ ಇದೆ. ಸುತ್ತ ತಗಡು, ಮೊಬೈಲ್ ಸಿಗ್ನಲ್ ಬರುವುದಿಲ್ಲ. ಅಲ್ಲಿರುವುದು ನೀವು ಮೇಜಿನ ಮೇಲೆ ಕೂರಿಸಿಹೋದ ಕಾನ್ಫರೆನ್ಸ್ ಫೋನ್ ಒಂದೇ. ಡಿಸ್‌ಪ್ಯಾಚ್ ಹುಡುಗ ಅದಕ್ಕೆ ಕೈಹಾಕಿದ. ಹೊರಗಿನ ಲೈನಿಗೆ 9, ಆಮೇಲೆ 112. ಕೊನೆಯ 2ರ ಮೇಲೆ ಬೆರಳು ಇಡುವ ಮೊದಲೇ ಪರದೆಯಲ್ಲಿ 911 ಎಂದು ಬಂದು, ಫೋನ್ ತಾನಾಗಿಯೇ ಡಯಲ್ ಮಾಡಿಬಿಟ್ಟಿತು. ಕುಯ್ ಕುಯ್ ಎಂದು ಟೋನ್. ಮತ್ತೆ ಒತ್ತಿದ. ಮತ್ತೆ 911. ಮೂರನೇ ಸಲವೂ ಹಾಗೇ ಆದಾಗ ಗೇಟಿನವರೆಗೆ ಓಡಿಹೋಗಿ ತನ್ನ ಮೊಬೈಲಿನಿಂದ ಆಂಬುಲೆನ್ಸ್ ಕರೆಸಿದ. ಹಿರಿಯರ ಕೈ ಹಿಡಿದುಕೊಂಡು ನಾನು ನೆಲದ ಮೇಲೆ ಕೂತಿದ್ದೆ. ಆ ಹೊತ್ತು ಎಷ್ಟು ಉದ್ದವಿತ್ತು ಅಂತ ನನಗೆ ಗೊತ್ತು.

ಅವರು ಈಗ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಅದಕ್ಕೇ ಈ ಪತ್ರವನ್ನು ಇಷ್ಟು ಸಮಾಧಾನದಿಂದ ಬರೆಯುತ್ತಿದ್ದೇನೆ.

ಈ ತೊಂದರೆ ನಿಮಗೆ ಹೊಸದೇನಲ್ಲ. ಫೋನ್ ಹಾಕಿದ ಎರಡನೇ ವಾರದಲ್ಲೇ ನಾನು ದೂರು ಕೊಟ್ಟಿದ್ದೆ. ನಮ್ಮ ಅಕೌಂಟ್ಸ್ ವಿಭಾಗದ ಎಕ್ಸ್‌ಟೆನ್ಶನ್ 2114. ಮೇಜಿನ ಸಣ್ಣ ಫೋನ್‌ಗಳಿಂದ ಸರಾಗವಾಗಿ ಹೋಗುತ್ತದೆ. ಕಾನ್ಫರೆನ್ಸ್ ಫೋನ್‌ಗಳಿಂದ ಮಾತ್ರ 211ಕ್ಕೇ ನಿಂತು "ತಪ್ಪು ನಂಬರ್" ಎನ್ನುತ್ತದೆ. ಆಗ ಬಂದ ನಿಮ್ಮ ಇಂಜಿನಿಯರ್, "ಸರ್, ಮೊದಲು ನಂಬರ್ ಪೂರ್ತಿ ಒತ್ತಿ, ಆಮೇಲೆ ಹಸಿರು ಬಟನ್ ಒತ್ತಿ" ಎಂದು ಹೇಳಿಹೋದರು. ಹಾಗೆ ಮಾಡಿದರೆ ಕರೆ ಹೋಗುತ್ತದೆ, ನಿಜ. ಆದರೆ ನಮ್ಮ ಜನ ವರ್ಷಗಟ್ಟಲೆ ಟೋನ್ ಬಂದ ಮೇಲೆ ನಂಬರ್ ಒತ್ತಿ ಅಭ್ಯಾಸ ಆದವರು. ಎದುರಿಗೆ ಒಬ್ಬ ಮನುಷ್ಯ ಒದ್ದಾಡುತ್ತಿರುವಾಗ ಯಾರಿಗೆ ಹಸಿರು ಬಟನ್ ನೆನಪಾಗುತ್ತದೆ ಹೇಳಿ?

ಮಂಗಳವಾರ ಸಂಜೆಯೇ ನಮ್ಮ ಐಟಿ ನೋಡಿಕೊಳ್ಳುವ ಹುಡುಗಿಯ ಜೊತೆ ಕೂತೆ. ಫೋನಿನ ಐಪಿ ಅಡ್ರೆಸ್ ಹಾಕಿ ಸೆಟ್ಟಿಂಗ್ ಪೇಜ್ ತೆರೆದೆವು. ಡಿಜಿಟ್ ಮ್ಯಾಪ್ ಎನ್ನುವ ಸಾಲು ನೋಡಿದ ಮೇಲೆ ಎಲ್ಲ ಅರ್ಥವಾಯಿತು. ಎಷ್ಟು ಅಂಕಿ ಬಂದ ಮೇಲೆ ಕಾಯುವುದನ್ನು ಬಿಟ್ಟು ಡಯಲ್ ಮಾಡಬೇಕು ಎಂದು ಫೋನಿಗೆ ಹೇಳುವುದೇ ಆ ಸಾಲು. ನಮ್ಮ ಫೋನ್‌ಗಳಲ್ಲಿ ಇರುವುದು ಫ್ಯಾಕ್ಟರಿಯಿಂದ ಬಂದ ಅಮೆರಿಕದ ನಿಯಮ. 2ರಿಂದ 9ರವರೆಗಿನ ಯಾವುದೇ ಅಂಕಿ, ಹಿಂದೆಯೇ 11 ಬಂದರೆ ಕಾಯಬೇಡ, ತಕ್ಷಣ ಕಳಿಸು. ಅಲ್ಲಿನ ತುರ್ತು ನಂಬರ್ 911, ವಿಚಾರಣೆಯ 411ರಂಥ ನಂಬರ್‌ಗಳಿಗೆ ಅದು ಸರಿ. ಇಲ್ಲಿ ಅದೇ ನಿಯಮ ನಮ್ಮ 9112ನ್ನು ಮೂರನೇ ಅಂಕಿಗೇ ಕತ್ತರಿಸಿತು. 2114ರ ಕಥೆಯೂ ಇದೇ. ಅಂದರೆ ಅವತ್ತು ಅಕೌಂಟ್ಸ್ ನಂಬರಿನ ಕಾರಣ ಹುಡುಕಿದ್ದರೆ ಮಂಗಳವಾರದ ಫೋನ್ ಹೋಗುತ್ತಿತ್ತು. ನನಗೆ ಜಾಸ್ತಿ ನೋವಾಗಿರುವುದು ಇದಕ್ಕೇ.

ಮೊಬೈಲ್‌ಗೆ ಮಾಡಿದರೂ ಇದೇ ಹಾಡು. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ 0 ಹಾಕಲೇಬೇಕು. ಹೊರಗಿನ ಲೈನಿಗೆ 9, ಆಮೇಲೆ 0, ಆಮೇಲೆ ಹತ್ತು ಅಂಕಿ. ಒಟ್ಟು ಹನ್ನೆರಡು. ನಿಮ್ಮ ಫೋನ್ ಮೊದಲಿನ 9 ನೋಡಿ ಅದು ಅಮೆರಿಕದ ಹತ್ತಂಕಿಯ ನಂಬರ್ ಎಂದುಕೊಳ್ಳುತ್ತದೆ. ಹತ್ತು ಅಂಕಿ ಆದ ಕೂಡಲೇ ಕಳಿಸುತ್ತದೆ. ಕೊನೆಯ ಎರಡು ಅಂಕಿ ಬೆರಳಲ್ಲೇ ಉಳಿಯುತ್ತವೆ. ಬೆಂಗಳೂರಿನ ಲ್ಯಾಂಡ್‌ಲೈನಿಗೆ 9, 080, ಎಂಟು ಅಂಕಿ. ಅದೂ ಹನ್ನೆರಡೇ, ಅದೂ ಅರ್ಧಕ್ಕೇ ಕಟ್. ಗ್ರಾಹಕರ ಜೊತೆ ಕಾನ್ಫರೆನ್ಸ್ ಮಾಡಲೆಂದು ತಂದ ಫೋನಿಗೆ ಗ್ರಾಹಕರ ನಂಬರೇ ಹೋಗುವುದಿಲ್ಲ.

ಬುಧವಾರ ನಿಮ್ಮವರು ಬಂದು ಮೀಟಿಂಗ್ ರೂಮಿನ ಫೋನಿನಲ್ಲಿ ಆ ಸಾಲು ಬದಲಿಸಿದರು. ನನ್ನ ಎದುರಿಗೇ ಸರಿಯಾಯಿತು. ಅವತ್ತು ರಾತ್ರಿ ಕರೆಂಟ್ ಹೋಗಿ ಬಂತು. ಗುರುವಾರ ಬೆಳಿಗ್ಗೆ 2114 ಒತ್ತಿ ನೋಡಿದೆ, ಮತ್ತೆ 211ಕ್ಕೆ ನಿಂತಿತು. ಫೋನ್ ಆನ್ ಆದಾಗ ಸರ್ವರ್‌ನಲ್ಲಿರುವ ಹಳೆಯ ಪ್ರಾವಿಷನಿಂಗ್ ಫೈಲನ್ನೇ, ಅಂದರೆ ಎಲ್ಲ ಫೋನ್‌ಗಳ ಸೆಟ್ಟಿಂಗ್ ಇಟ್ಟಿರುವ ಫೈಲನ್ನೇ, ಮತ್ತೆ ಎಳೆದುಕೊಂಡಿದೆ. ಒಂದು ಫೋನಿಗೆ ಸುಮ್ನೆ ಮೇಲೆ ಮೇಲೆ ತೇಪೆ ಹಾಕಿದರೆ ಇದು ಬಗೆಹರಿಯುವುದಿಲ್ಲ.

ಅಮೆರಿಕದ ನಿಯಮದ ಮಾತು ಬಂದಿದ್ದಕ್ಕೆ ಒಂದು ವಿಷಯ ಹೇಳುತ್ತೇನೆ. 2013ರಲ್ಲಿ ಟೆಕ್ಸಾಸ್‌ನ ಒಂದು ಮೋಟೆಲ್ ರೂಮಿನಲ್ಲಿ ತಾಯಿಯ ಮೇಲೆ ಹಲ್ಲೆ ಆಗುತ್ತಿದ್ದಾಗ ಒಂಬತ್ತು ವರ್ಷದ ಮಗಳು 911 ಒತ್ತುತ್ತಲೇ ಇದ್ದಳು. ಹೊರಗಿನ ಲೈನಿಗೆ ಮೊದಲು 9 ಒತ್ತಬೇಕು ಅಂತ ಆ ಮಗುವಿಗೆ ಗೊತ್ತಿರಲಿಲ್ಲ. ತಾಯಿ ಉಳಿಯಲಿಲ್ಲ. ಆಕೆಯ ಹೆಸರಿನಲ್ಲೇ 2018ರಲ್ಲಿ ಕ್ಯಾರಿಸ್ ಲಾ ಎಂಬ ಕಾನೂನು ಬಂತು. ಆಫೀಸು, ಹೋಟೆಲಿನ ಹೊಸ ಫೋನ್ ವ್ಯವಸ್ಥೆಗಳಲ್ಲಿ ಯಾವ ಅಂಕಿಯನ್ನೂ ಮುಂದೆ ಹಾಕದೆ 911 ಹೋಗಲೇಬೇಕು ಎನ್ನುವ ಆ ನಿಯಮ 2020ರ ಫೆಬ್ರವರಿ 16ರಿಂದ ಜಾರಿಯಲ್ಲಿದೆ. ನಮ್ಮ ಶೆಡ್ಡಿನಲ್ಲಿ ಬರೀ 112 ಒತ್ತಿದರೂ ಹೋಗಬೇಕು, 9112 ಒತ್ತಿದರೂ ಹೋಗಬೇಕು. ಗಾಬರಿಯಲ್ಲಿ ಯಾರು ಯಾವುದನ್ನು ಒತ್ತುತ್ತಾರೋ ಹೇಳಲಾಗದು. 108, 101 ಸಹ ಹಾಗೇ. ಈಗ ಬರೀ 112 ಒತ್ತಿದರೂ ಹೋಗುತ್ತಿಲ್ಲ.

ನಮ್ಮ ಎಕ್ಸ್‌ಟೆನ್ಶನ್‌ಗಳು ಎಲ್ಲವೂ 2ರಿಂದ ಶುರು, ನಾಲ್ಕೇ ಅಂಕಿ. ತುರ್ತು ನಂಬರ್‌ಗಳು 1ರಿಂದ ಶುರು. ಹಾಗಾಗಿ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಡಿಜಿಟ್ ಮ್ಯಾಪ್‌ನಿಂದ 11ರ ಆ ನಿಯಮವನ್ನೇ ತೆಗೆದುಹಾಕಿ. 9 ಮತ್ತು 0 ಒತ್ತಿದ ಮೇಲೆ ಹತ್ತು ಅಂಕಿ ಪೂರ್ತಿ ಬರುವವರೆಗೆ ಕಾಯಲಿ. 1800 ನಂಬರ್‌ಗಳ ಉದ್ದ ಒಂದೇ ಥರ ಇರುವುದಿಲ್ಲ, ವಿದೇಶದ 00 ನಂಬರ್‌ಗಳದ್ದೂ ಅಷ್ಟೇ. ಅವಕ್ಕೆ ಕೊನೆಯಲ್ಲಿ ಮೂರು ಸೆಕೆಂಡ್ ಕಾಯುವ ಹಾಗೆ ಇಡಿ. ಈಗ ಆ ಮೂರು ಸೆಕೆಂಡ್ ನಮ್ಮ ಎಕ್ಸ್‌ಟೆನ್ಶನ್‌ಗಳಿಗೆ ಹಾಕಿದ್ದೀರಿ, ಅದು ಬೇಡ. ಇದೆಲ್ಲ ಸರ್ವರ್‌ನ ಫೈಲಿನಲ್ಲೇ ಬದಲಾಗಬೇಕು. ಆಮೇಲೆ ನಾಲ್ಕೂ ಫೋನ್ ಆಫ್ ಮಾಡಿ ಆನ್ ಮಾಡಿ, ಒಂದೊಂದರಿಂದಲೂ ಟೋನ್ ಬಂದ ಮೇಲೆ ನಂಬರ್ ಒತ್ತಿ ತೋರಿಸಬೇಕು. 112ಕ್ಕೆ ಒಂದೇ ಸಲ ಮಾಡಿದರೆ ಸಾಕು, ಪರೀಕ್ಷೆಯ ಕರೆ ಎಂದು ಕೂಡಲೇ ಹೇಳಿ ಇಡಿ. ನಿಜವಾಗಿ ಕಷ್ಟದಲ್ಲಿರುವವರ ಲೈನನ್ನು ನಾವು ಹಿಡಿದಿಡಬಾರದು.

ಬರುವ ಶನಿವಾರ ಮೊದಲ ಪಾಳಿ ಮುಗಿದ ಮೇಲೆ ಮೀಟಿಂಗ್ ರೂಮು ಖಾಲಿ ಇರುತ್ತದೆ. ಪ್ರಾವಿಷನಿಂಗ್ ಸರ್ವರ್ ಬಲ್ಲವರನ್ನೇ ಕಳಿಸಿ. ನಾಲ್ಕೂ ಫೋನ್ ಸರಿಯಾಗಿವೆ ಎಂದು ನಾನೇ ಒತ್ತಿ ನೋಡುವವರೆಗೆ ನಿಮ್ಮ ಕೊನೆಯ ಬಿಲ್ಲಿಗೆ ಸಹಿ ಹಾಕುವುದಿಲ್ಲ. ಅಲ್ಲಿಯವರೆಗೆ ನಾಲ್ಕೂ ಫೋನಿನ ಪಕ್ಕ "ನಂಬರ್ ಒತ್ತಿ, ಆಮೇಲೆ ಹಸಿರು ಬಟನ್" ಎಂದು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ಶನಿವಾರ ಬಂದಾಗ ಆ ಚೀಟಿಗಳನ್ನು ನಿಮ್ಮವರ ಕೈಯಿಂದಲೇ ತೆಗೆಸಬೇಕು ಅಂತಿದ್ದೇನೆ.

ಇಂತಿ,
ಆಫೀಸ್ ಮ್ಯಾನೇಜರ್