ಮಗಳಿಗೊಂದು ಪತ್ರ: ಆವರಣದೊಳಗಿನ ಅಂಕಿ

ಚಿರಂಜೀವಿ ಪುಟ್ಟಿಗೆ ಅಪ್ಪ ಮಾಡುವ ಆಶೀರ್ವಾದಗಳು.

ನೀನು ಸುಖವಾಗಿ ಜರ್ಮನಿಯ ಟ್ಯೂಬಿಂಗೆನ್ ತಲುಪಿದ ಸುದ್ದಿಯನ್ನು ನಿನ್ನ ಅಮ್ಮ ಹೇಳಿದಳು. ನಿನ್ನನ್ನು ಬೀಳ್ಕೊಡಲು ವಿಮಾನ ನಿಲ್ದಾಣಕ್ಕೆ ನಾನು ಬರಲಿಲ್ಲ. ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ನಡೆದದ್ದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಆಡಿದವನಿಗೂ ಕೇಳಿದವಳಿಗೂ ಆ ಮಾತು ನೆನಪಿದೆ. ನೀನು ಹೋದ ಮೇಲೆ ನಿನ್ನ ಮೇಜಿನ ಮೇಲೆ ಉಳಿದಿದ್ದ ಟಿಪ್ಪಣಿ ಪುಸ್ತಕಗಳನ್ನೂ ಎರಡು ದಪ್ಪ ಗ್ರಂಥಗಳನ್ನೂ ಹನ್ನೊಂದು ದಿನ ಕುಳಿತು ಓದಿದೆ. ಯಾವ ಮನೆತನದ ಹೆಸರೆತ್ತಿ ನಿನ್ನ ಮೇಲೆ ಕೂಗಾಡಿದೆನೋ, ಮಧ್ಯಯುಗದ ಜರ್ಮನಿಯ ರಾಜರ ಆ ಹೊಹೆನ್‌ಸ್ಟೌಫೆನ್ ಮನೆತನದ ವಂಶವೃಕ್ಷವನ್ನು ಈಗ ಪುಸ್ತಕ ನೋಡದೆಯೇ ಬರೆಯಬಲ್ಲೆ.

ತಾಲ್ಲೂಕು ಕಚೇರಿಯಲ್ಲಿ ಮೂವತ್ತೊಂದು ವರ್ಷ ಪೌತಿ ಖಾತೆಯ ಕಡತಗಳನ್ನು ನೋಡಿದವನು ನಾನು. ತೀರಿಕೊಂಡವರ ಹೆಸರಿನಿಂದ ಬದುಕಿರುವವರ ಹೆಸರಿಗೆ ಜಮೀನು ಹೇಗೆ ಹೋಗುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದೊಂದೇ ನನಗೆ ತಿಳಿದ ವಿದ್ಯೆ. ಆದ್ದರಿಂದ ನಿನ್ನ ರಾಜರನ್ನೂ ಹಾಗೆಯೇ ಓದಿದೆ. ಗ್ಯೋಪಿಂಗೆನ್ ಹತ್ತಿರದ 684 ಮೀಟರ್ ಎತ್ತರದ ಒಂಟಿ ಬೆಟ್ಟದ ಮೇಲೆ ಕೋಟೆ ಕಟ್ಟಿಕೊಂಡಿದ್ದ ಸಾಧಾರಣ ಪಾಳೆಯಗಾರನೊಬ್ಬನಿಗೆ, ಸಂಕಟಕಾಲದಲ್ಲಿ ತನ್ನನ್ನು ಕೈಬಿಡಲಿಲ್ಲವೆಂಬ ಕಾರಣಕ್ಕೆ, ಜರ್ಮನಿಯ ರಾಜ ನಾಲ್ಕನೆಯ ಹೆನ್ರಿಯು 1079ರಲ್ಲಿ ಸ್ವಾಬಿಯಾ ಪ್ರಾಂತದ ಡ್ಯೂಕ್ ಪದವಿಯನ್ನೂ ತನ್ನ ಮಗಳು ಆಗ್ನೆಸಳನ್ನೂ ಕೊಟ್ಟನು. ಮನೆತನದ ಏಳಿಗೆಯೆಲ್ಲ ಆ ಹೆಣ್ಣುಮಗಳ ಕಾಲ್ಗುಣದಿಂದಲೇ ಬಂದಿತೆಂದು ನನಗೆ ತೋರುತ್ತದೆ. ಏಕೆಂದರೆ 1125ರಲ್ಲಿ ಆಕೆಯ ಅಣ್ಣತಮ್ಮಂದಿರ ವಂಶ ನಿಂತುಹೋದಾಗ ರಕ್ತಸಂಬಂಧದ ಹಕ್ಕು ಉಳಿದದ್ದು ಆಕೆಯ ಮಕ್ಕಳಿಗೆ ಮಾತ್ರ. ಆದರೂ ಆ ವರ್ಷದ ಚುನಾವಣೆಯಲ್ಲಿ ಅವರು ಸೋತರು. 1138ರಲ್ಲಿ ಆಕೆಯ ಮಗ ಕಾನ್ರಾಡ್ ರಾಜನಾದನು, 1152ರಲ್ಲಿ ಮೊಮ್ಮಗ, ಕೆಂಪು ಗಡ್ಡದ ಫ್ರೆಡರಿಕ್, ಸಿಂಹಾಸನವೇರಿದನು. ಅವನ ವಿಷಯ ನನಗಿಂತ ನಿನಗೆ ಚೆನ್ನಾಗಿ ಗೊತ್ತು.

1186ರಲ್ಲಿ ಅವನ ಮಗ ಆರನೆಯ ಹೆನ್ರಿಗೆ ಸಿಸಿಲಿಯ ರಾಜಕುಮಾರಿ ಕಾನ್‌ಸ್ಟನ್ಸಳನ್ನು ತಂದುಕೊಂಡರು. 1194ರಲ್ಲಿ ಸಿಸಿಲಿಯ ಕಿರೀಟವೂ ಮನೆಗೆ ಬಂದಿತು. ಆ ಮದುವೆಯಿಂದ, ಮಧ್ಯ ಇಟಲಿಯಲ್ಲಿದ್ದ ಪೋಪರ ಭೂಮಿಯ ಉತ್ತರದ ಚಕ್ಕುಬಂದಿಯಲ್ಲೂ ದಕ್ಷಿಣದ ಚಕ್ಕುಬಂದಿಯಲ್ಲೂ ಒಬ್ಬನೇ ಮಾಲೀಕನ ಹೆಸರು ಬಂದಂತಾಯಿತು. ಎರಡೂ ಕಡೆಯಿಂದ ಒತ್ತಿನಲ್ಲಿ ಸಿಕ್ಕಿದ ನೆರೆಯವನು ಸುಮ್ಮನಿರುವುದಿಲ್ಲ. ಪೋಪರ ವೈರವೇ ಮನೆತನವನ್ನು ಮುಗಿಸಿತೆಂದು ನಿನ್ನ ಟಿಪ್ಪಣಿಯಲ್ಲಿದೆ. ಅದನ್ನು ಅಲ್ಲಗಳೆಯುವಷ್ಟು ಓದು ನನ್ನದಲ್ಲ. ಆದರೆ ನಾನು ಬರೆದುಕೊಂಡ ವಂಶವೃಕ್ಷದಲ್ಲಿ ಎರಡು ಕಡೆ ಕೆಂಪು ಶಾಯಿಯಿಂದ ‘ಮೈನರ್’ ಎಂದು ಗುರುತು ಹಾಕಿದ್ದೇನೆ. 1197ರಲ್ಲಿ ಆರನೆಯ ಹೆನ್ರಿ ತೀರಿಕೊಂಡಾಗ ಅವನಿಗೆ 31 ವರ್ಷ, ಅವನ ಮಗ ಎರಡನೆಯ ಫ್ರೆಡರಿಕ್‌ಗೆ ಮೂರೂ ತುಂಬಿರಲಿಲ್ಲ. 1254ರಲ್ಲಿ ಆ ಫ್ರೆಡರಿಕ್‌ನ ಮಗ ನಾಲ್ಕನೆಯ ಕಾನ್ರಾಡ್ ತೀರಿಕೊಂಡಾಗ ಅವನಿಗೆ 26, ಅವನ ಮಗ ಕಾನ್ರಾಡಿನ್‌ಗೆ ಎರಡು. ತಂದೆಯು ಆ ಮಗುವಿನ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ. ಜಮೀನಾದರೆ ಪೋಷಕರ ಹೆಸರಿನಲ್ಲಿ ಹದಿನೆಂಟು ತುಂಬುವವರೆಗೆ ಕಾಯುತ್ತದೆ. ಆದರೆ ಜರ್ಮನಿಯ ಕಿರೀಟ ರಾಜಪ್ರಮುಖರು ಆರಿಸಿ ಕೊಡುವಂಥದ್ದು, ಅದು ಯಾವ ಮಗುವಿಗೂ ಕಾಯುವುದಿಲ್ಲ. ಪ್ರತಿಸಲವೂ ಬೆಂಬಲಕ್ಕಾಗಿ ಭೂಮಿಯನ್ನೋ ಹಕ್ಕನ್ನೋ ಬಿಟ್ಟುಕೊಡುತ್ತ ಬಂದರೆ ಕೊನೆಯ ವಾರಸುದಾರನ ಕೈಗೆ ಹೆಸರೊಂದೇ ಉಳಿಯುತ್ತದೆ. ಆ ಹೆಸರನ್ನು ನಂಬಿ ಸಿಸಿಲಿಯನ್ನು ಮರಳಿ ಪಡೆಯಲು ಹೋದ ಕಾನ್ರಾಡಿನ್‌ನನ್ನು ಆಗ ಸಿಸಿಲಿಯನ್ನು ಆಳುತ್ತಿದ್ದ ಆಂಜೂವಿನ ಚಾರ್ಲ್ಸ್ 1268ರ ಅಕ್ಟೋಬರ್ 29ರಂದು ನೇಪಲ್ಸ್‌ನಲ್ಲಿ ತಲೆ ಕಡಿಸಿದನು. ಹುಡುಗನಿಗೆ ಹದಿನಾರು ವರ್ಷ.

ನೀನು ಕಾನ್ರಾಡಿನ್‌ನ ಬಗ್ಗೆ ನಲವತ್ತು ಪುಟ ಬರೆದಿದ್ದೀಯ. ನನಗೆ ಮಾತ್ರ ಅವನಿಗಿಂತ ಹೆಚ್ಚಾಗಿ ನಿದ್ದೆ ಕೆಡಿಸಿದವನು ಅವನ ದೊಡ್ಡಪ್ಪ, ಎರಡನೆಯ ಫ್ರೆಡರಿಕ್‌ನ ಹಿರಿಯ ಮಗ ಹೆನ್ರಿ. ರಾಜನೆಂದು ಪಟ್ಟಾಭಿಷೇಕವಾಗಿದ್ದರೂ ತಂದೆಯ ನೆರಳಿನಿಂದ ಹೊರಗೆ ಆಳಲೇ ಇಲ್ಲವೆಂಬ ಕಾರಣಕ್ಕೆ ಅವನ ಹೆಸರಿನ ಮುಂದಿನ ಏಳು ಎಂಬ ಅಂಕಿಯನ್ನು ಚರಿತ್ರಕಾರರು ಇಂದಿಗೂ ಆವರಣದೊಳಗೆ ಬರೆಯುತ್ತಾರೆ. ಮೊದಲು ಅದನ್ನು ನಿನ್ನ ಕೈತಪ್ಪೆಂದು ತಿಳಿದೆ, ಮುದ್ರಿತ ಗ್ರಂಥಗಳಲ್ಲೂ ಹಾಗೆಯೇ ಇತ್ತು. ಏಳುನೂರೆಂಬತ್ತು ವರ್ಷಗಳಾದರೂ ಆ ಮಗ ಆವರಣದಿಂದ ಹೊರಗೆ ಬಂದಿಲ್ಲ.

ನಾನು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಹೆನ್ರಿ ಹುಟ್ಟಿದ್ದು 1211ರಲ್ಲಿ. 1212ರಲ್ಲಿ ತಂದೆಯು ಜರ್ಮನಿಯ ಕಿರೀಟವನ್ನರಸಿ ಹೊರಟಾಗ ಹಸುಗೂಸು ಸಿಸಿಲಿಯಲ್ಲಿ ಉಳಿಯಿತು. 1216ರಲ್ಲಿ ಮಗುವನ್ನು ಜರ್ಮನಿಗೆ ಕರೆಸಿಕೊಂಡರು. 1220ರಲ್ಲಿ ಒಂಬತ್ತು ವರ್ಷದ ಹುಡುಗನನ್ನು ರಾಜನೆಂದು ಆರಿಸಿ, ಪಾಲಕರ ಕೈಗೊಪ್ಪಿಸಿ, ತಂದೆಯು ಇಟಲಿಗೆ ಹೊರಟುಹೋದನು. ಮತ್ತೆ ಅವರಿಬ್ಬರೂ ಎದುರುಬದುರಾದದ್ದು 1232ರಲ್ಲಿ. ಆಗಲೂ ತಂದೆ ಮಗನಿಂದ ವಿಧೇಯತೆಯ ಪ್ರಮಾಣ ಮಾಡಿಸಿಕೊಂಡನು. ಮಗ 1234ರಲ್ಲಿ ದಂಗೆಯೆದ್ದನು, ತಂದೆಯ ಹಳೆಯ ಶತ್ರುಗಳಾದ ಲೊಂಬಾರ್ಡಿಯ ನಗರಗಳೊಡನೆ ಕೈಜೋಡಿಸಿದನು. ಅದು ತಪ್ಪಲ್ಲವೆಂದು ನಾನು ಹೇಳುವುದಿಲ್ಲ. ಆದರೆ 1235ರಲ್ಲಿ ತಂದೆಯು ಸೈನ್ಯವಿಲ್ಲದೆಯೇ ಆಲ್ಪ್ಸ್ ದಾಟಿ ಬಂದಾಗ ಮಗ ಯುದ್ಧ ಮಾಡಲಿಲ್ಲ, ಶರಣಾಗಿ ಕಾಲಿಗೆ ಬಿದ್ದನು. ಜುಲೈ ತಿಂಗಳಲ್ಲಿ ವೊರ್ಮ್ಸ್ ನಗರದಲ್ಲಿ ಅವನ ಪದವಿಯನ್ನು ಕಿತ್ತುಕೊಂಡು ಸೆರೆಗೆ ಹಾಕಿದರು. ಅದೇ ತಿಂಗಳು, ಅದೇ ನಗರದಲ್ಲಿ, ತಂದೆಯು ಇಂಗ್ಲೆಂಡಿನ ರಾಜಕುಮಾರಿ ಇಸಾಬೆಲ್ಲಾಳನ್ನು ಮದುವೆಯಾದನು. ಆರೂವರೆ ವರ್ಷ ಸೆರೆವಾಸ. 1242ರ ಫೆಬ್ರವರಿಯಲ್ಲಿ, ಒಂದು ಸೆರೆಮನೆಯಿಂದ ಇನ್ನೊಂದಕ್ಕೆ ಸಾಗಿಸುವಾಗ, ದಕ್ಷಿಣ ಇಟಲಿಯ ಮಾರ್ತಿರಾನೊ ಎಂಬಲ್ಲಿ ಕುದುರೆಯಿಂದ ಬಿದ್ದು ಸತ್ತನು. ಅವನೇ ಹಾರಿಕೊಂಡನೆಂದೂ ಹೇಳುತ್ತಾರೆ. ಸುದ್ದಿ ತಲುಪಿದ ಮೇಲೆ ತಂದೆಯು ಪತ್ರ ಬರೆಸಿದನು, ನ್ಯಾಯಾಧೀಶನ ಕಾಠಿಣ್ಯವನ್ನು ತಂದೆಯ ಮರುಕ ಮೀರಿ ಉಕ್ಕುತ್ತಿದೆಯೆಂದು ಅದರಲ್ಲಿ ದುಃಖಪಟ್ಟನು.

ಆ ಪತ್ರ ಏಳು ವರ್ಷ ಮೊದಲೇ ಹೋಗಬೇಕಿತ್ತು, ಪುಟ್ಟಿ. 1212ರಿಂದ 1216, 1220ರಿಂದ 1232: ಮಗನ ಮೊದಲ ಇಪ್ಪತ್ತೊಂದು ವರ್ಷಗಳಲ್ಲಿ ಹದಿನಾರು ವರ್ಷ ಅವನು ಹತ್ತಿರವಿರಲಿಲ್ಲ. ನೇಪಲ್ಸ್‌ನಲ್ಲಿ ವಿಶ್ವವಿದ್ಯಾಲಯ ಸ್ಥಾಪಿಸಿದವನು, ಜೆರುಸಲೇಮನ್ನು ಯುದ್ಧವಿಲ್ಲದೆ ಒಪ್ಪಂದದಿಂದಲೇ ಪಡೆದವನು, ಡೇಗೆಸಾಕಣೆಯ ಬಗ್ಗೆ ಹಕ್ಕಿಯ ಒಂದೊಂದು ಗರಿಯನ್ನೂ ನೋಡಿ ಗ್ರಂಥ ಬರೆದವನು ಮಗನನ್ನು ಮಾತ್ರ ಕುಳಿತು ನೋಡಲಿಲ್ಲ. ಆ ಅಂಕಿಗಳ ಕೆಳಗೆ ನನ್ನ ವರ್ಗಾವಣೆಯ ವರ್ಷಗಳನ್ನೂ ಬರೆದೆ. ನಿನ್ನ ಒಂದನೆಯ ತರಗತಿಯಿಂದ ಒಂಬತ್ತನೆಯ ತರಗತಿಯವರೆಗೆ ನಾನು ಬೇರೆ ತಾಲ್ಲೂಕುಗಳಲ್ಲಿದ್ದೆ. ಶನಿವಾರ ರಾತ್ರಿ ಬರುತ್ತಿದ್ದೆ, ಭಾನುವಾರ ಬೆಳಿಗ್ಗೆ ನಿನ್ನ ಕಾಪಿ ಪುಸ್ತಕಗಳನ್ನು ಕೆಂಪು ಪೆನ್ನಿನಿಂದ ತಿದ್ದುತ್ತಿದ್ದೆ, ಸಂಜೆಯ ಬಸ್ಸು ಹಿಡಿಯುತ್ತಿದ್ದೆ. ವಾರಕ್ಕೊಮ್ಮೆ ಬರುವ ತನಿಖಾಧಿಕಾರಿಯಂತಿದ್ದೆ. ಅಂಥವನು ನಿನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ, ನೀನು ಏನು ಓದಬೇಕೆಂದು ತೀರ್ಪು ಕೊಟ್ಟೆ. ತಪ್ಪಾಯಿತು.

ಇಷ್ಟು ಹೇಳಿದ ಮಾತ್ರಕ್ಕೆ ನಾನು ಹೇಳಬೇಕಾದದ್ದನ್ನು ಹೇಳದೆ ಬಿಡುವವನಲ್ಲ. ಚಳಿಗಾಲದಲ್ಲಿ ಗ್ರಂಥಾಲಯದಿಂದ ಕತ್ತಲಾದ ಮೇಲೆ ಒಬ್ಬಳೇ ನಡೆದು ಬರಬೇಡ. ಬಾಡಿಗೆ ಕರಾರಿನ ಪ್ರತಿಯೊಂದು ಪುಟವನ್ನೂ ಓದಿ ಸಹಿ ಮಾಡು. ಅರ್ಥವಾಗದ ಜರ್ಮನ್ ಸಾಲಿದ್ದರೆ ತಿಳಿದವರನ್ನು ಕೇಳು, ನಾಚಿಕೊಳ್ಳಬೇಡ. ಮಧ್ಯಾಹ್ನದ ಊಟ ತಪ್ಪಿಸಬೇಡ. ಯಾರೋ ಪ್ರಸಿದ್ಧರು ಹೇಳಿದರೆಂದು ಯಾವ ಮಾತನ್ನೂ ಒಪ್ಪಬೇಡ, ಮೂಲ ದಾಖಲೆಯನ್ನು ನೀನೇ ನೋಡು. ಪ್ರತಿ ಮಾಡಿದವನ ತಪ್ಪು ನೂರು ವರ್ಷ ಪಹಣಿಯಲ್ಲಿ ಓಡುವುದನ್ನು ನಾನು ಕಂಡಿದ್ದೇನೆ. ಅಮ್ಮನಿಗೆ ಎರಡು ದಿನಕ್ಕೊಮ್ಮೆ ಫೋನ್ ಮಾಡು. ನೋಡು, ಮತ್ತೆ ಪಟ್ಟಿಯೇ ಆಯಿತು. ನಮ್ಮ ಮನೆಯಲ್ಲಿ ಲ್ಯಾಟಿನ್ ಸನ್ನದನ್ನು ಓದಬಲ್ಲವಳು ಹುಟ್ಟಿದ್ದಾಳೆಂದು ನೆನ್ನೆ ಹಳೆಯ ಸಹೋದ್ಯೋಗಿಯೊಬ್ಬರ ಮುಂದೆ ಅರ್ಧ ಗಂಟೆ ಹೇಳಿಕೊಂಡೆ. ಅದನ್ನು ನಿನಗೆ ಯಾವಾಗಲಾದರೂ ನೇರವಾಗಿ ಹೇಳಿದ್ದೇನೆಯೇ ಎಂದು ಮನೆಗೆ ಬರುವ ದಾರಿಯಲ್ಲಿ ನೆನಪು ಮಾಡಿಕೊಳ್ಳಲು ನೋಡಿದೆ.

ಆ ಬೆಟ್ಟಕ್ಕೆ ನೀನು ಹೋಗಿಯೇ ಹೋಗುತ್ತೀಯ. 1525ರ ರೈತರ ದಂಗೆಯಲ್ಲಿ ಕೋಟೆ ಸುಟ್ಟುಹೋಗಿ ಈಗ ಗೋಡೆಗಳ ಬುಡ ಮಾತ್ರ ಉಳಿದಿದೆಯೆಂದು ಓದಿದೆ. ಮೇಲೆ ನಿಂತರೆ ಯಾವ ಯಾವ ಊರು ಕಾಣುತ್ತದೆ ಎಂಬುದನ್ನು ನನಗೆ ಬರೆ.

ನಾನು ಬರೆದ ವಂಶವೃಕ್ಷವನ್ನು ಇದರೊಡನೆ ಮಡಿಸಿ ಇಟ್ಟಿದ್ದೇನೆ. ಹೆನ್ರಿಯ ಹೆಸರಿನ ಮುಂದೆ ಏಳು ಎಂಬ ಅಂಕಿಯನ್ನು ಆವರಣವಿಲ್ಲದೆಯೇ ಬರೆದಿದ್ದೇನೆ. ಶಾಸ್ತ್ರದ ಪ್ರಕಾರ ಅದು ತಪ್ಪೆಂದು ಬಲ್ಲೆ. ಉಳಿದ ತಪ್ಪುಗಳನ್ನು ಕೆಂಪು ಪೆನ್ನಿನಿಂದ ತಿದ್ದಿ ವಾಪಸು ಕಳುಹಿಸು.

ಇತಿ ನಿನ್ನ
ಅಪ್ಪ