ಚಾಕಲೇಟ್ ಡಬ್ಬಿ ಮ್ಯಾಲೆ ಒಂದು ಚೀಟಿ ಹಚ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ದೀಪಾವಳಿ, ರಾಜ್ಯೋತ್ಸವ ಹತ್ರ ಬಂತಂದ್ರ ಪುಣೆಯೊಳಗ ನಮ್ಮ ಕನ್ನಡ ಮಂಡಳಿಗಳು ಫಂಡ್ ಕೂಡ್ಸಾಕ ಸುರು ಮಾಡ್ತಾವ, ಮೊದಲ ಕ್ಯಾಲೆಂಡರ್, ಊದಿನಕಡ್ಡಿ ಮಾರ್ತಿದ್ವಿ, ಈಗ ಎಲ್ಲಾ ಕಡೆ ಚಾಕಲೇಟ್ ಡಬ್ಬಿ, ಯಾಕಂದ್ರ ಲಾಭ ಚಲೋ ಉಳೀತದ, ಸೊಸೈಟಿಯೊಳಗಿನ ಮರಾಠಿ ಮಂದಿನೂ ತಗೋತಾರ. ಬಡ ಹುಡುಗರ ಫೀಸಿಗೆ ರೊಕ್ಕ ಆಗ್ತದ, ಮಾರಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ. ನನ್ನ ತಕರಾರು ಡಬ್ಬಿ ಬಗ್ಗೆ. ಅದರ ಮ್ಯಾಲೆ ಭುವನೇಶ್ವರಿ ಫೋಟೋ ಇರ್ತದ, ರಿಬ್ಬನ್ ಇರ್ತದ, ದೇಣಿಗಿ ಕೊಟ್ಟವರ ಹೆಸರು ದೊಡ್ಡದಾಗಿ ಇರ್ತದ, ಒಳಗಿನ ಚಾಕಲೇಟಿಗೆ ಏನೇನ್ ಹಾಕ್ಯಾರ ಅನ್ನೋದೊಂದ ಇರಂಗಿಲ್ಲ.

ನನ್ನ ತಂಗಿ ಮಗನಿಗೆ ಶೇಂಗಾ ಆಗಂಗಿಲ್ಲ, ಅಲರ್ಜಿ ಅದ. ಶೇಂಗಾ ಹೋಳಿಗಿ, ಶೇಂಗಾ ಚಟ್ನಿ ಇಲ್ದ ನಮ್ಮ ಕಡೆ ಹಬ್ಬಾನ ಆಗಂಗಿಲ್ಲ, ಇಲ್ಲಿ ಪುಣೆಗೆ ಬಂದ್ರಂತೂ ಸಾಬುದಾಣಿ ಖಿಚಡಿಯಿಂದ ಕೋಶಿಂಬೀರ್ ತನಕ ಎಲ್ಲಾದ್ರಾಗೂ ದಾಣ್ಯಾಚ ಕೂಟ, ಅಂದ್ರ ಶೇಂಗಾ ಪುಡಿ, ಹಂತಾದ್ರಾಗ ಆ ಹುಡುಗನ್ನ ಸಂಭಾಳಿಸೋದು ಅಂದ್ರ ಏನಂತ ಅವರವ್ವಗ ಗೊತ್ತು. ಮಂದಿ ಏನ್ ತಿಳ್ಕೋತಾರಂದ್ರ ಇದು ಪಿತ್ತ ಎದ್ದಂಗ, ಒಂದ್ ಗುಳಿಗಿ ತಗೊಂಡ್ರ ಇಳೀತದ ಅಂತ. ಗಂಧೆ ಎದ್ದು ಅಷ್ಟಕ್ಕ ಮುಗಿದ್ರ ಪುಣ್ಯ, ಆದ್ರ ತುಟಿ ಬಾತು ಗಂಟಲು ಕಟ್ಟಿ ಬಿಪಿ ಇಳದ್ರ ಗುಳಿಗಿ ಸಾಕಾಗಂಗಿಲ್ಲ, ಅಡ್ರಿನಲಿನ್ ಇಂಜೆಕ್ಷನ್ನೇ ಬೇಕು, ಅದೂ ತಡ ಮಾಡ್ದಂಗ. ಹೊರದೇಶದಾಗ ಪೆನ್ನಿನಂಥ ಇಂಜೆಕ್ಷನ್ ಕಿಸೆದಾಗ ಇಟ್ಕೊಂಡು ತಿರುಗ್ತಾರ, ನಮ್ಮಲ್ಲಿ ಅದು ಸುಲಭಕ್ಕ ಸಿಗಂಗಿಲ್ಲ. ಇನ್ನ ಕೆಲವರು "ಸ್ವಲ್ಪ ಸ್ವಲ್ಪ ತಿನಸ್ರಿ, ರೂಢಿ ಆಗ್ತದ" ಅಂತಾರ, 2015ರೊಳಗ ಹೊರಬಿದ್ದ ಲಂಡನ್ನಿನ ಶೇಂಗಾ ಅಧ್ಯಯನದ ಮಾತು ಎಲ್ಲೋ ಕೇಳಿರ್ತಾರ, ಆದ್ರ ಅದು ಅಲರ್ಜಿ ಇನ್ನೂ ಬರದ ಎಳೇ ಕೂಸುಗಳಿಗೆ ಡಾಕ್ಟರ್ ನಿಗಾದಾಗ ಮಾಡಿದ್ದು, ಅಲರ್ಜಿ ಇದ್ದ ಹುಡುಗಗ ಮನ್ಯಾಗ ಮಾಡಿ ನೋಡೋ ಪ್ರಯೋಗ ಅಲ್ಲ ಮಾರಾಯ್ರ.

ಕಾಯ್ದೆ ಇಲ್ಲ ಅಂತಲ್ರಿ. ತಿನಿಸಿನ ಸುರಕ್ಷತೆ ನೋಡೋ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐದ 2020ರ ಲೇಬಲ್ ನಿಯಮದ ಪ್ರಕಾರ ಪ್ಯಾಕ್ ಆದ ತಿನಿಸಿನ ಮ್ಯಾಲೆ ಶೇಂಗಾ, ಗೋಡಂಬಿ ಬದಾಮಿಯಂಥ ಬೀಜ, ಹಾಲು, ತತ್ತಿ, ಮೀನು, ಸಿಗಡಿ ಜಾತಿ, ಸೋಯಾ, ಗೋಧಿಯಂಥ ಗ್ಲುಟನ್ ಇರೋ ಕಾಳು, ಮತ್ತ ಒಂದು ಪ್ರಮಾಣ ದಾಟಿದ ಸಲ್ಫೈಟ್, ಇವು ಇದ್ರ "ಕಂಟೇನ್ಸ್" ಅಂತ ಬೇರೆ ಬರೀಬೇಕು, ತಗುಲಿರಬಹುದು ಅನ್ನೋ ಹಂಗಿದ್ರ "ಮೇ ಕಂಟೇನ್" ಅಂತ ಬರಿಯಾಕೂ ಅವಕಾಶ ಅದ. ಆದ್ರ ಅದರಾಗೊಂದು ಸಂದು ಅದ ನೋಡ್ರಿ, 100 ಚದರ ಸೆಂಟಿಮೀಟರ್‌ಗಿಂತ ಸಣ್ಣ ಪ್ಯಾಕೆಟ್ ಇದ್ರ ಅದರ ಮ್ಯಾಲೆ ಒಳಗಿನ ಪದಾರ್ಥದ ಪಟ್ಟಿ ಬರೀದಿದ್ರೂ ನಡೀತದ, ಹೊರಗಿನ ದೊಡ್ಡ ಪ್ಯಾಕಿನ ಮ್ಯಾಲಿದ್ರ ಸಾಕು. ನಮ್ಮ ಮಂಡಳಿಯವರು ಏನ್ ಮಾಡ್ತಾರ? ದೊಡ್ಡ ಪ್ಯಾಕ್ ಒಡದು, ಅದರ ಕವರ್ ಕಸದ ಬುಟ್ಟಿಗೆ ಒಗದು, ಸಣ್ಣ ಸಣ್ಣ ಚಾಕಲೇಟ್ ತಗದು ರವಿವಾರ ಪೇಟೆಯಿಂದ ತಂದ ಚಂದನ ಡಬ್ಬಿಯೊಳಗ ತುಂಬ್ತಾರ. ಬರದಿದ್ದೆಲ್ಲಾ ಆ ಕವರಿನ ಮ್ಯಾಲೇ ಇತ್ತು, ಅದು ಹೋತು.

ಮನ್ಯಾಗ ಮಾಡಿದ ಚಾಕಲೇಟಿನ ಕಥಿ ಇನ್ನೂ ಬ್ಯಾರೆ. ನಮ್ಮ ಹೆಣ್ಮಕ್ಕಳು ಸ್ಲ್ಯಾಬ್ ಕರಗಿಸಿ ಮೌಲ್ಡಿಗೆ ಹಾಕಿ ಎಷ್ಟ್ ಚಂದ ಮಾಡ್ತಾರ, ಅವರಿಗೇ ಆರ್ಡರ್ ಕೊಡಬೇಕು, ಅದರಾಗ ಎರಡ್ ಮಾತಿಲ್ಲ. ಆದ್ರ ಒಂದ್ ಮಂಡಳಿ ಡಬ್ಬಿ ಮ್ಯಾಲೆ "ಪೀನಟ್ ಫ್ರೀ" ಅಂತ ಸ್ಟಿಕರ್ ಹಚ್ಚಿತ್ತು, ಮಾಡಿದವರನ್ನ ಕೇಳಿದ್ರ ಅದೇ ಪಾತೇಲಿಯೊಳಗ ಮುಂಜಾನಿ ಶೇಂಗಾ ಹಾಕಿದ ಕ್ರಂಚ್ ಚಾಕಲೇಟ್ ಮಾಡಿದ್ವಿ, ಒರಸಿ ತಗದೀವಿ ಅಂದ್ರು. ಪಾಪ ಅವರು ಖರೇನ ಹೇಳಿದ್ರು, ಸ್ಟಿಕರ್ ಹಚ್ಚಿದವರು ಕೇಳಲೇ ಇಲ್ಲ. ಚಾಕಲೇಟಿಗೆ ಒಂದ್ ಹನಿ ನೀರ್ ಬಿದ್ರ ಗಂಟ್ ಕಟ್ತದ, ಅದಕ್ಕ ಒಂದ್ ಪಾಳಿಗೂ ಇನ್ನೊಂದಕ್ಕೂ ನಡುವ ಪಾತ್ರೆ ತೊಳಿಯಂಗಿಲ್ಲ, ಕಾರ್ಖಾನೆಯೊಳಗೂ ಬಹಳ ಕಡೆ ನೀರಿನ ಬದಲಿ ಚಾಕಲೇಟ್ನ ಹರಿಸಿ ಮಷೀನ್ ಸ್ವಚ್ಛ ಮಾಡ್ತಾರ, ಹಿಂಗಾಗಿ ಮೊದಲಿಂದು ಸ್ವಲ್ಪರ ಉಳೀತದ. ಕಾಸಿದ್ರ ಶೇಂಗಾದ ಗುಣ ಹೋಗ್ತದ ಅನ್ನೋದೂ ಸುಳ್ಳ, ಹುರದ್ರೂ ಕರಗಿಸಿದ್ರೂ ಹೋಗಂಗಿಲ್ಲ. ಅಂದಮ್ಯಾಲ ಚಾಕಲೇಟಿಗೆ ಶೇಂಗಾ ಹಾಕಿಲ್ಲ ಅನ್ನೋದು ಬ್ಯಾರೆ, ಶೇಂಗಾ ಬರದ ಜಾಗದಾಗ ಮಾಡೀವಿ ಅನ್ನೋದು ಬ್ಯಾರೆ, ಎರಡನೇದು ಖರೆ ಇದ್ರ ಮಾತ್ರ ಆ ಸ್ಟಿಕರ್ ಹಚ್ಚಬೇಕು. ಅಮೆರಿಕಾ, ಕೆನಡಾದೊಳಗ ಸಾಲಿ ಹುಡುಗರು ಫಂಡಿಗೆ ಚಾಕಲೇಟ್ ಮಾರೋದು ಹಳೇ ಪದ್ಧತಿ, ಅಲ್ಲಿ ಶೇಂಗಾನ ಬಳಸದ ಕಾರ್ಖಾನೆಯ ಚಾಕಲೇಟ್ ಇದಕ್ಕಂತನ ಬ್ಯಾರೆ ಸಿಗ್ತಾವ. ಕೆನಡಾದ ಒಂಟಾರಿಯೋದೊಳಗ ಸಬ್ರಿನಾ ಅನ್ನೋ 13 ವರ್ಷದ ಹುಡುಗಿ ಸಾಲಿಯೊಳಗ ಫ್ರೈಸ್ ತಿಂದು ಅಲರ್ಜಿಯಿಂದ ತೀರಿಕೊಂಡ್ಮ್ಯಾಲ, 2005ರಾಗ ಆಕಿ ಹೆಸರಿನ ಕಾಯ್ದೆನ ಬಂತು, ಸಾಲಿಗಳು ಇಂಥಾ ಮಕ್ಕಳ ಸಲುವಾಗಿ ಏನ್ ತಯಾರಿ ಇಟ್ಟಿರಬೇಕು ಅಂತ.

ನಮಗ ಅಷ್ಟೆಲ್ಲಾ ಬ್ಯಾಡ. ಮಂಡಳಿಯವರು ದೊಡ್ಡ ಪ್ಯಾಕಿನ ಕವರ್ ಒಗೀಬ್ಯಾಡ್ರಿ, ಅದರಾಗಿನ ಪಟ್ಟಿ ನೋಡಿ ಒಂದ್ ಚೀಟಿ ಪ್ರಿಂಟ್ ಮಾಡಿ ಡಬ್ಬಿಗೆ ಹಚ್ರಿ, ಕನ್ನಡ ಮರಾಠಿ ಎರಡ್ರಾಗೂ, ಯಾಕಂದ್ರ ಮನ್ಯಾಗ ಮಕ್ಕಳ ಕೈಗೆ ಚಾಕಲೇಟ್ ಕೊಡೋದು ಅಜ್ಜಿ, ಆಕಿಗೆ ಆ ಇರುವಿ ಕಾಲಿನಂಥ ಇಂಗ್ಲಿಷ್ ಓದಾಕ ಆಗಂಗಿಲ್ಲ. ಮನ್ಯಾಗ ಮಾಡಿಸಿದ್ರ "ಶೇಂಗಾ ಬಳಸೋ ಅಡಗಿಮನ್ಯಾಗ ಮಾಡಿದ್ದು" ಅಂತ ಸೀದಾ ಬರೀರಿ. ಮಾರಾಟ ಕಡಿಮಿ ಆಗ್ತದ ಅಂತ ನಮ್ಮ ಕಮಿಟಿಯೊಳಗ ಒಬ್ಬರು ಅಂದ್ರು. ಆದ್ರ ಆಗ್ಲಿ ಬಿಡ್ರಿ, ಮೂರೋ ನಾಕೋ ಡಬ್ಬಿ ಕಡಿಮಿ ಆದಾವು. ಆರ್ಡರ್ ಕೊಡೋ ಹೊತ್ತು ಇದೇ ಅದ, ಅದಕ್ಕ ಈಗಲೇ ಛಾಪಿಸ್ರಿ, ಡಬ್ಬಿ ತುಂಬಿದಮ್ಯಾಲ ಹೇಳಿದ್ರ ಯಾರೂ ಬಿಚ್ಚಿ ನೋಡಂಗಿಲ್ಲ.

ಇಂತಿ,
ಒಂದು ಕನ್ನಡ ಮಂಡಳಿಯ ಹಳೇ ಖಜಾಂಚಿ,
ಧನಕವಡಿ, ಪುಣೆ